ಕತ್ತರಿ ಅಕ್ಕನ ಅಳತೆ ಪುಸ್ತಕ

ನಮ್ಮ ಹೊಲಿಗೆ ಅಂಗಡಿಗೆ ಹೋಗಬೇಕೆಂದರೆ ಹದಿನೇಳು ಮೆಟ್ಟಿಲು ಹತ್ತಬೇಕು. ಕೆಳಗೆ ಸೈಕಲ್ ರಿಪೇರಿಯವನು, ಮೇಲೆ ನಾವು. ಹೋದ ವರ್ಷದವರೆಗೆ ಆ ಹದಿನೇಳು ಮೆಟ್ಟಿಲು ಕಂಡರೆ ನಮ್ಮ ಕತ್ತರಿ ಅಕ್ಕನಿಗೆ ಆಗುತ್ತಿರಲಿಲ್ಲ. ಐದು ಹತ್ತಿ ನಿಲ್ಲುತ್ತಿದ್ದಳು, ಗೋಡೆ ಹಿಡಿಯುತ್ತಿದ್ದಳು, ಮೊಣಕಾಲು ಒತ್ತಿಕೊಳ್ಳುತ್ತಿದ್ದಳು, "ಈ ಕಟ್ಟಡ ಕಟ್ಟಿದವನಿಗೆ ಮೊಣಕಾಲೇ ಇರಲಿಲ್ಲ ಅನ್ಸುತ್ತೆ" ಎಂದು ಬಯ್ದು ಮತ್ತೆ ಐದು ಹತ್ತುತ್ತಿದ್ದಳು. ಅವಳು ಮೇಲೆ ಬಂದು ಉಸಿರು ಬಿಡುವಷ್ಟರಲ್ಲಿ ನಾನು ಎರಡು ಕಾಜಾ ಹೊಲಿದು ಮುಗಿಸಿರುತ್ತಿದ್ದೆ.

ನಾನು ಆ ಅಂಗಡಿಯಲ್ಲಿ ಕಾಜಾ ಗುಂಡಿಯವಳು. ಬೆಳಗಿನಿಂದ ಸಂಜೆಯವರೆಗೆ ಗುಂಡಿ ಹೊಲಿಯುವುದು, ಗುಂಡಿಯ ತೂತಿಗೆ ಸುತ್ತ ದಾರ ಹಾಕುವುದು, ಮಧ್ಯೆ ಮಧ್ಯೆ ಯಾರೂ ಕೇಳದ ಸಲಹೆ ಕೊಡುವುದು, ಇವು ಮೂರೇ ನನ್ನ ಕೆಲಸ. ಮೂರನೆಯದರಿಂದ ಆದ ಅನಾಹುತವೇ ಈ ಕಥೆ.

ಕತ್ತರಿ ಅಕ್ಕ ಅಂಗಡಿಯ ಒಡತಿ. ವಯಸ್ಸು ನಲವತ್ತೆಂಟು. ಶಾಲಾ ಸಮವಸ್ತ್ರ, ಆಸ್ಪತ್ರೆಯವರ ಬಿಳಿ ಕೋಟು, ವಯಸ್ಸಾದವರ ನಿಲುವಂಗಿ, ಏನೇ ಬರಲಿ, ಬಟ್ಟೆ ಕತ್ತರಿಸುವವಳು ಅವಳೊಬ್ಬಳೇ. ಹೊಲಿಯಲು ಹತ್ತು ಜನ ಸಿಗುತ್ತಾರೆ. ಕತ್ತರಿಸುವ ಕೈ ನೂರಕ್ಕೊಂದು. ಆ ಬಲಗೈಯನ್ನು ನಂಬಿ ಅಂಗಡಿ ನಡೆಯುತ್ತಿತ್ತು. ಗಿರಾಕಿಗಳು ಬಂದು "ನನ್ನ ಸೊಂಟ ಅಷ್ಟು ದಪ್ಪ ಇಲ್ಲ, ಸರಿಯಾಗಿ ಅಳತೆ ತೆಗೀರಿ" ಎಂದು ಜಗಳಕ್ಕೆ ನಿಂತರೆ ಅಕ್ಕನದು ಒಂದೇ ಮಾತು: "ಟೇಪು ಯಾರ ಮುಲಾಜೂ ನೋಡಲ್ಲ."

ಮೊಣಕಾಲಿನ ನೋವಿಗೆ ಡಾಕ್ಟರು ಸರಿಯಾಗಿಯೇ ಹೇಳಿದ್ದರು. "ಹತ್ತು ಕಿಲೋ ಇಳಿಸಿ. ನಿಮ್ಮ ಮೊಣಕಾಲಿಗೆ ಅದೇ ಮೊದಲ ಔಷಧಿ." ಅಕ್ಕನೂ ಹಟದವಳು. ಕರಿದದ್ದು ಬಿಟ್ಟಳು. ಬೆಳಿಗ್ಗೆ ಎದ್ದು ನಡೆಯಲು ಶುರು ಮಾಡಿದಳು. ಎರಡು ತಿಂಗಳಲ್ಲಿ ಮೂರು ಕಿಲೋ ಇಳಿಯಿತು, ಆಮೇಲೆ ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತಿತು.

ಆಗ ನಾನು ಬಾಯಿ ತೆರೆದೆ.

"ಅಕ್ಕಾ, ಹಾಲು ಬಿಡು."

"ಹಾಲಾ? ಹಾಲು ಏನು ಮಾಡುತ್ತೇ?"

"ಹಾಲಂದ್ರೆ ಕೊಬ್ಬು ಕಣಕ್ಕಾ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟೋದು ನೋಡಿಲ್ವಾ? ಅದೇ ಕೆನೆ ಹೊಟ್ಟೆ ಮೇಲೂ ಕಟ್ಟುತ್ತೆ."

ಇದನ್ನು ನಾನು ಎಲ್ಲಿ ಕೇಳಿದ್ದೆ ಗೊತ್ತೆ? ಯಾರದೋ ಫೋನಿನಲ್ಲಿ, ಅರ್ಧ ನಿಮಿಷದ ವಿಡಿಯೊದಲ್ಲಿ. ಅದನ್ನೂ ಪೂರ್ತಿ ನೋಡಿರಲಿಲ್ಲ. ಆದರೆ ಹೇಳುವಾಗ ನಾನೇ ಕಂಡುಹಿಡಿದವಳ ಹಾಗೆ ಹೇಳಿದೆ.

ಮರುದಿನದಿಂದ ಅಕ್ಕ ಹಾಲು ಬಿಟ್ಟಳು. ಮೊಸರು ಬಿಟ್ಟಳು, ಮಜ್ಜಿಗೆಯನ್ನೂ ಬಿಟ್ಟಳು. ಹಾಲು ಹಾಕಿದ ಟೀ ಹೋಗಿ ಕಪ್ಪು ಟೀ ಬಂತು. ಕಪ್ಪು ಟೀ ಒಗರು, ಹಾಗಾಗಿ ಒಂದು ಚಮಚ ಸಕ್ಕರೆ ಇದ್ದದ್ದು ಮೂರಾಯಿತು. ರಾತ್ರಿ ಊಟವನ್ನೂ ಅರ್ಧಕ್ಕರ್ಧ ಕಡಿಮೆ ಮಾಡಿದಳು. ಮುಳ್ಳು ಮತ್ತೆ ಇಳಿಯತೊಡಗಿತು. ನಾವು ಅದರ ಕೀರ್ತಿಯನ್ನೆಲ್ಲ ಹಾಲು ಬಿಟ್ಟದ್ದಕ್ಕೇ ಕೊಟ್ಟೆವು.

ಪ್ರತಿ ಶನಿವಾರ ಸಂಜೆ ಬಾಗಿಲು ಹಾಕುವ ಮುಂಚೆ ನಮ್ಮಲ್ಲಿ ಒಂದು ಸಣ್ಣ ಸಂಭ್ರಮ. ಅಕ್ಕ ಕತ್ತರಿಸುವ ಮೇಜಿನ ಪಕ್ಕ ನಿಲ್ಲುತ್ತಿದ್ದಳು, ನಾನು ಟೇಪು ಹಿಡಿದು ಸೊಂಟ ಅಳೆಯುತ್ತಿದ್ದೆ, ಅವಳು ಅಳತೆ ಪುಸ್ತಕದಲ್ಲಿ ತನ್ನ ಪುಟ ತೆಗೆದು ಬರೆಯುತ್ತಿದ್ದಳು. ಆ ಪುಸ್ತಕ ಅಂಗಡಿ ತೆರೆದ ದಿನ ಕೊಂಡದ್ದು, ಹನ್ನೆರಡು ವರ್ಷದ ಹಿಂದೆ. ಕೈ ಪಳಗಲೆಂದು ಮೊದಲ ಪುಟದಲ್ಲಿ ತನ್ನದೇ ಅಳತೆ ಬರೆದಿದ್ದಳು. ಎದುರಿನ ಪುಟದಲ್ಲಿ ಅವಳ ಅತ್ತೆಯದು. ಬೋಣಿ ಮಾಡಲೆಂದು ಅತ್ತೆಯೇ ಮೊದಲ ನಿಲುವಂಗಿ ಹೊಲಿಸಿಕೊಂಡಿದ್ದರು.

ನಲವತ್ತು ಇಂಚಿನ ಸೊಂಟ ಮೂವತ್ತೊಂಬತ್ತಾಯಿತು, ಮೂವತ್ತೆಂಟಾಯಿತು. ಎಂಟನೆಯ ತಿಂಗಳಿಗೆ ಮೂವತ್ತೈದೂವರೆ. ಹನ್ನೊಂದು ಕಿಲೋ ಇಳಿದಿತ್ತು. ಒಂದು ದಿನ ಹದಿನೇಳು ಮೆಟ್ಟಿಲನ್ನು ಗೋಡೆ ಮುಟ್ಟದೆ ಹತ್ತಿ ಬಂದು ಬಾಗಿಲಲ್ಲಿ ನಿಂತು ನಕ್ಕಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಸಂತೋಷ ಸುಳ್ಳಲ್ಲ. ಮೊಣಕಾಲಿನ ನೋವು ನಿಜವಾಗಿಯೂ ಕಡಿಮೆಯಾಗಿತ್ತು. ನಾನಂತೂ ಅರ್ಧ ಡಾಕ್ಟರೇ ಆಗಿಬಿಟ್ಟಿದ್ದೆ.

ಇದರ ನಡುವೆ ಒಂದು ಚಿಕ್ಕ ಜಗಳ ನಡೆಯಿತು. ಆಗ ನಮಗೆ ಅದು ಜಗಳವಾಗಿಯೇ ಕಂಡಿತು, ಬೇರೇನೂ ಕಾಣಲಿಲ್ಲ.

ಅಕ್ಕನ ಅತ್ತೆಗೆ ಎಪ್ಪತ್ತು ದಾಟಿದೆ. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ವರ್ಷಕ್ಕೊಂದು ನಿಲುವಂಗಿ ಅಕ್ಕನೇ ಹೊಲಿದು ಕೊಡುತ್ತಾಳೆ. ಆ ವರ್ಷದ ನಿಲುವಂಗಿ ತೊಟ್ಟು ದೊಡ್ಡಮ್ಮ ಅಂಗಡಿಗೇ ಬಂದರು. ಅಂಚು ನೆಲ ಗುಡಿಸುತ್ತಿತ್ತು.

"ಏನೇ ಇದು? ಬಟ್ಟೆ ಹೊಲಿದ್ಯೋ, ಪೊರಕೆ ಕಟ್ಟಿದ್ಯೋ?"

"ಅತ್ತೆ, ಹನ್ನೆರಡು ವರ್ಷದಿಂದ ಅದೇ ಅಳತೆ. ಐವತ್ತೊಂದು ಇಂಚು. ಒಂದು ದಾರದಷ್ಟೂ ಹೆಚ್ಚು ಕಮ್ಮಿ ಮಾಡಿಲ್ಲ."

"ಹಾಗಿದ್ರೆ ನೆಲ ಮೇಲೆ ಬಂದಿರ್ಬೇಕು."

"ಬಟ್ಟೆ ಜಗ್ಗಿರುತ್ತೆ ಬಿಡಿ" ಎಂದು ಅಕ್ಕ ಮುಖ ಊದಿಸಿಕೊಂಡು ಅಂಚನ್ನು ಎರಡು ಇಂಚು ಮಡಚಿ ಹೊಲಿದಳು. ಊರಿನವರಿಗೆಲ್ಲ ಬಂದಾಗಲೊಮ್ಮೆ ಹೊಸ ಅಳತೆ ತೆಗೆಯುವವಳು, ಮನೆಯವರಿಗೆ ಮಾತ್ರ ಹಳೆಯ ಅಳತೆಯಲ್ಲೇ ಕತ್ತರಿ ಹಾಕುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಶಾಲೆ ಶುರುವಾಗುವ ಮುಂಚಿನ ತಿಂಗಳು ನಮಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಮೇಜಿನ ಮೇಲೆ ನೀಲಿ ಬಟ್ಟೆಯ ಗುಡ್ಡ, ನೆಲದ ಮೇಲೆ ಚೂರುಗಳು. ಅಂಥದೊಂದು ಮಧ್ಯಾಹ್ನ ಅಕ್ಕ ಮೇಜಿನ ಆ ಬದಿಗೆ ಹೋಗುವಾಗ ನುಣುಪಾದ ಅಸ್ತರಿನ ಚೂರೊಂದು ಕಾಲ ಕೆಳಗೆ ಜಾರಿತು. ಜೋರಾಗಿ ಬಿದ್ದದ್ದೇನಲ್ಲ. ಮಕ್ಕಳು ದಿನಕ್ಕೆ ಹತ್ತು ಸಲ ಹಾಗೆ ಬೀಳುತ್ತವೆ. ಬಲಗೈ ಊರಿ ಕೂತುಬಿಟ್ಟಳು, ಅಷ್ಟೇ. ನಾನು ನಗುತ್ತಲೇ ಎಬ್ಬಿಸಲು ಹೋದೆ. ಅವಳ ಮುಖ ನೋಡಿ ನಗು ನಿಂತಿತು.

ಮಣಿಕಟ್ಟು ಮುರಿದಿತ್ತು.

ಆರು ವಾರ ಪಟ್ಟಿ. ಡಾಕ್ಟರು ಎಲುಬು ಎಷ್ಟು ಗಟ್ಟಿ ಇದೆಯೆಂದು ನೋಡುವ ಪರೀಕ್ಷೆಯನ್ನೂ ಮಾಡಿಸಿದರು. ಇರಬೇಕಾದದ್ದಕ್ಕಿಂತ ತೆಳ್ಳಗಾಗಿದೆ ಎಂದರು. ಏನು ತಿನ್ನಬೇಕೆಂದು ಒಂದು ಚೀಟಿ ಬರೆದುಕೊಟ್ಟರು. ಅಕ್ಕ ಅದನ್ನು ಓದಿದಳು, ಮೊದಲ ಸಾಲಿನಲ್ಲೇ ಹಾಲು ಎಂದಿತ್ತು. ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಇಸ್ತ್ರಿ ಮೇಜಿನ ಕಾಲ ಕೆಳಗೆ ಇಟ್ಟಳು. ಮೇಜಿಗಂತೂ ಗುಣವಾಯಿತು.

ಅಂಗಡಿ ಅರ್ಧ ಮುಚ್ಚಿದ ಹಾಗಾಯಿತು. ಬಂದ ಬಟ್ಟೆಯನ್ನು ವಾಪಸು ಕಳಿಸುವಾಗ ಅಕ್ಕ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಒಂದು ದಿನ ಎಡಗೈಯಲ್ಲಿ ಕತ್ತರಿ ಹಿಡಿದು ಹಳೆಯ ಚೂರೊಂದನ್ನು ಕತ್ತರಿಸಲು ನೋಡಿದಳು. ಅಂಕುಡೊಂಕಾಯಿತು. ಕತ್ತರಿಯನ್ನು ಮೇಜಿನ ಮೇಲಿಟ್ಟು ಅತ್ತಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಆ ವಾರವೇ ನರ್ಸಮ್ಮ ಬಂದಳು. ಆರೋಗ್ಯ ಕೇಂದ್ರದ ನರ್ಸು, ನಮ್ಮ ಹಳೆಯ ಗಿರಾಕಿ. ಬಿಳಿ ಕೋಟು ಹೊಲಿಸಲು ಕೊಟ್ಟಿದ್ದಳು. ಕೋಟು ಇನ್ನೂ ಬಟ್ಟೆಯಾಗಿಯೇ ಕೂತಿತ್ತು.

"ಕೋಟು ಹಾಗಿರ್ಲಿ ಅಕ್ಕಾ. ಕೈ ಹೇಗಿದೆ? ಡಾಕ್ಟ್ರು ಕೊಟ್ಟ ಚೀಟಿ ಪ್ರಕಾರ ನಡೀತಾ ಇದ್ದೀರಾ?"

ಎಲ್ಲರ ಕಣ್ಣೂ ಇಸ್ತ್ರಿ ಮೇಜಿನ ಕಾಲಿನ ಕಡೆ ಹೋಯಿತು. ನರ್ಸಮ್ಮ ಬಗ್ಗಿ ಚೀಟಿಯನ್ನು ಎಳೆದು ಬಿಡಿಸಿದಳು. ಮೇಜು ಮತ್ತೆ ಕುಂಟಿತು.

"ಹಾಲು ಕುಡೀತಾ ಇಲ್ವಾ?"

"ಎಂಟು ತಿಂಗಳಾಯ್ತು ಬಿಟ್ಟು" ಎಂದಳು ಅಕ್ಕ, ಹೆಮ್ಮೆಯಿಂದಲೇ.

"ಯಾರು ಬಿಡು ಅಂದೋರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೂಜಿಗೆ ದಾರ ಪೋಣಿಸಲು ಶುರು ಮಾಡಿದೆ. ಸೂಜಿಯಲ್ಲಿ ಆಗಲೇ ದಾರವಿತ್ತು. ನರ್ಸಮ್ಮ ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಕ್ಕನೇ ಮುಂದುವರಿಸಿದಳು. "ನೋಡು ನರ್ಸಮ್ಮ, ನನ್ನ ಪಾಡು ಅತ್ತ ದರಿ ಇತ್ತ ಪುಲಿ. ಹಾಲು ಕುಡಿದ್ರೆ ಮತ್ತೆ ಊದ್ತೀನಿ. ಊದಿದ್ರೆ ಮೊಣಕಾಲು ಹೋಯ್ತು. ಕುಡೀದಿದ್ರೆ ಕೈ ಅಂತೀರಿ. ಕಾಲು ಉಳಿಸ್ಕೊಳ್ಲೋ, ಕೈ ಉಳಿಸ್ಕೊಳ್ಲೋ?"

"ಎರಡೂ ಉಳಿಸ್ಕೊಳ್ಳಿ. ತೂಕ ಇಳಿಸಿದ್ದು ತಪ್ಪು ಅಂತ ನಾನು ಹೇಳ್ಲಿಲ್ಲ. ಒಳ್ಳೇ ಕೆಲಸಾನೇ ಮಾಡಿದ್ದೀರಿ. ಆದ್ರೆ ತೂಕ ಇಳಿಯುವಾಗ ಬರೀ ಕೊಬ್ಬು ಇಳಿಯಲ್ಲ ಅಕ್ಕಾ, ಜೊತೆಗೆ ಎಲುಬೂ ಸ್ವಲ್ಪ ಸವೆಯುತ್ತೆ. ಅದೂ ನಿಮ್ಮ ವಯಸ್ಸಿನಲ್ಲಿ. ಮುಟ್ಟು ನಿಂತಿದೆ ತಾನೆ?"

"ಎರಡು ವರ್ಷ ಆಯ್ತು."

"ಮುಟ್ಟು ನಿಂತ ಮೇಲೆ ಎಲುಬು ಮೊದಲಿಗಿಂತ ಬೇಗ ಸವೆಯೋಕೆ ಶುರುವಾಗುತ್ತೆ. ಅಂಥ ಹೊತ್ತಲ್ಲಿ ಊಟಾನೂ ಕಡಿಮೆ, ಹಾಲು ಮೊಸರು ಎರಡೂ ಇಲ್ಲ. ಎಲುಬಿಗೆ ಕ್ಯಾಲ್ಸಿಯಂ ಬರೋದೆಲ್ಲಿಂದ?"

"ಎಲುಬು ಎಲುಬೇ ಅಲ್ವೇನಮ್ಮಾ? ಒಂದ್ಸಲ ಬೆಳೆದ ಮೇಲೆ ಅದಕ್ಕೇನು ಊಟ?"

ನರ್ಸಮ್ಮ ಸುತ್ತ ನೋಡಿದಳು. ಗೂಟಕ್ಕೆ ನೇತುಹಾಕಿದ್ದ, ಹೊಲಿದು ಮುಗಿದ ಕೋಟೊಂದನ್ನು ತೆಗೆದುಕೊಂಡಳು.

"ಅಂಗಡೀಲಿ ದಾರ ಮುಗೀತು ಅಂತಿಟ್ಕೊಳ್ಳಿ. ಹೊಸ ದಾರ ತರೋರಿಲ್ಲ. ಆದ್ರೆ ಹೊಲಿಗೆ ನಿಲ್ಲಿಸೋ ಹಾಗಿಲ್ಲ. ಆಗೇನು ಮಾಡ್ತೀರಿ? ಈ ಕೋಟಿನ ಒಳಗಡೆಯಿಂದ, ಯಾರಿಗೂ ಕಾಣದ ಜಾಗದಲ್ಲಿ, ಒಂದೊಂದೇ ಹೊಲಿಗೆ ಬಿಚ್ಚಿ ದಾರ ತೆಗೀತೀರಿ. ಹೊರಗಿಂದ ನೋಡಿದ್ರೆ ಕೋಟು ಹೊಸದರ ಹಾಗೇ ಇರುತ್ತೆ. ಒಂದು ದಿನ ಯಾರೋ ಕೈ ಎತ್ತುತ್ತಾರೆ, ಪರ್ ಅಂತ ಕಂಕುಳು ಹರಿಯುತ್ತೆ. ನಮ್ಮ ಮೈಯೂ ಹಾಗೇ ಮಾಡುತ್ತೆ. ಹೃದಯ ಬಡಿಯೋಕೆ, ಸ್ನಾಯು ಆಡೋಕೆ ಕ್ಯಾಲ್ಸಿಯಂ ಬೇಕೇ ಬೇಕು. ಊಟದಲ್ಲಿ ಬರದಿದ್ರೆ ಎಲುಬಿನಿಂದ ಬಿಚ್ಚುತ್ತೆ. ನೋವಾಗಲ್ಲ, ಸದ್ದಾಗಲ್ಲ. ಬಿದ್ದ ದಿನ ಗೊತ್ತಾಗುತ್ತೆ."

ನಾನು ಸೂಜಿ ಕೆಳಗಿಟ್ಟೆ. ಅಕ್ಕ ಮಾತ್ರ ಜಗ್ಗಲಿಲ್ಲ.

"ಕಥೆ ಚೆನ್ನಾಗಿದೆ. ಆದ್ರೆ ಬಿದ್ರೆ ಯಾರಿಗಾದ್ರೂ ಮುರಿಯುತ್ತೆ. ನನ್ನ ಗ್ರಹಚಾರ, ಮುರೀತು. ಕಣ್ಣಿಗೆ ಕಾಣದ್ದನ್ನ ಹೇಗೆ ನಂಬ್ಲಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ದೊಡ್ಡಮ್ಮನ ಗೊಣಗಾಟ ಕೇಳಿಸಿತು. ಒಂದು ಕೈಯಲ್ಲಿ ಸೊಸೆಯ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ನಿಲುವಂಗಿಯ ಅಂಚು. ಇದು ಹೋದ ವರ್ಷದ್ದು, ಮಡಚಿ ಹೊಲಿಯದ್ದು.

"ಇದೂ ನೆಲ ಗುಡಿಸ್ತಾ ಇದೆ ನೋಡೇ. ನಿನ್ನ ಬಟ್ಟೆಗಳೆಲ್ಲ ಪೆಟ್ಟಿಗೆಯೊಳಗೆ ಬೆಳೀತಾವೇನೇ?"

ನರ್ಸಮ್ಮ ದೊಡ್ಡಮ್ಮನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಅವರ ಬೆನ್ನಿನ ಮೇಲ್ಭಾಗ ಸ್ವಲ್ಪ ಗೂನಾಗಿತ್ತು. ನಾವು ದಿನವೂ ನೋಡುವವರು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

"ದೊಡ್ಡಮ್ಮಾ, ಈ ಬಟ್ಟೆ ಮೊದಲು ಸರಿ ಇತ್ತಾ?"

"ಹೊಲಿದಾಗ ಪಾದದವರೆಗಿತ್ತು. ಈಗ ಪಾದದ ಕೆಳಗಿದೆ."

"ಅಕ್ಕಾ, ಅಳತೆ ಪುಸ್ತಕ ತೆಗೀರಿ. ಇವರದ್ದು ಇನ್ನೊಂದ್ಸಲ ಅಳೆಯೋಣ."

ಅಕ್ಕನ ಬಲಗೈ ಪಟ್ಟಿಯಲ್ಲಿತ್ತು. ಹಾಗಾಗಿ ಟೇಪು ಹಿಡಿದವಳು ನಾನು. ದೊಡ್ಡಮ್ಮ ಗೋಡೆಗೆ ಒರಗಿ, ಆದಷ್ಟು ನೆಟ್ಟಗೆ ನಿಂತರು. ಕತ್ತಿನ ಹಿಂದಿನ ಮೂಳೆಯಿಂದ ಕಣಕಾಲಿನವರೆಗೆ ಟೇಪು ಬಿಟ್ಟೆ. ಪುಸ್ತಕದಲ್ಲಿ ಐವತ್ತೊಂದು. ಟೇಪಿನಲ್ಲಿ ನಲವತ್ತೆಂಟೂ ಮುಕ್ಕಾಲು.

"ತಪ್ಪು. ಇನ್ನೊಂದ್ಸಲ ಹಿಡಿ" ಎಂದಳು ಅಕ್ಕ.

ಇನ್ನೊಂದು ಸಲ ಹಿಡಿದೆ. ನಲವತ್ತೆಂಟೂ ಮುಕ್ಕಾಲು.

"ನಿನಗೆ ಗುಂಡಿ ಬಿಟ್ಟು ಏನೂ ಬರಲ್ಲ, ಬಿಡು" ಎಂದು ಎದ್ದು ಬಂದು ಬಗ್ಗಿ ಟೇಪಿನ ಕೆಳತುದಿಯನ್ನು ಎಡಗೈಯಲ್ಲಿ ತಾನೇ ಹಿಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.

"ಟೇಪು ಯಾರ ಮುಲಾಜೂ ನೋಡಲ್ಲ ಅಲ್ವಾ ಅಕ್ಕಾ" ಎಂದೆ ನಾನು. ಅಣಕಿಸಲು ಹೇಳಿದ್ದಲ್ಲ.

"ಬಟ್ಟೆ ಬೆಳೆದಿಲ್ಲ ದೊಡ್ಡಮ್ಮಾ" ಎಂದಳು ನರ್ಸಮ್ಮ ಮೆಲ್ಲಗೆ. "ನೀವು ಕುಗ್ಗಿದ್ದೀರಿ. ಬೆನ್ನಿನ ಎಲುಬು ಸವೆದು ಒಂದರ ಮೇಲೊಂದು ಕುಸಿದಿದ್ರೂ ಹೀಗಾಗುತ್ತೆ. ಬೆನ್ನು ನೋಯುತ್ತಾ?"

"ನೋಯುತ್ತೆ. ವಯಸ್ಸಾಯ್ತಲ್ಲ, ನೋಯ್ದೆ ಇರುತ್ತಾ?"

"ಎರಡು ಇಂಚು ಕುಗ್ಗೋದನ್ನ ವಯಸ್ಸು ಅಂತ ಬಿಡೋಕಾಗಲ್ಲ. ಈ ವಾರವೇ ಡಾಕ್ಟ್ರಿಗೆ ತೋರಿಸೋಣ. ಇದಕ್ಕೆ ಔಷಧಿ ಇದೆ. ದೊಡ್ಡಮ್ಮಾ, ನೀವು ಪ್ರಾಯದಲ್ಲಿದ್ದಾಗ ಹಾಲು ಕುಡೀತಿದ್ರಾ?"

ದೊಡ್ಡಮ್ಮ ನಕ್ಕರು. ಆ ನಗುವಿನಲ್ಲಿ ನಗು ಕಡಿಮೆ ಇತ್ತು.

"ಹಾಲು ಮಕ್ಕಳಿಗೆ, ಕೆನೆ ಗಂಡಸರಿಗೆ, ಪಾತ್ರೆ ತೊಳೆದ ನೀರು ನನಗೆ. ಮನೇಲಿ ಎಂಟು ಜನ, ಹಾಲು ಒಂದು ಚೊಂಬು. ಯಾರೂ ಬೇಡ ಅನ್ನಲಿಲ್ಲ. ಯಾರೂ ಕುಡಿ ಅಂತಾನೂ ಅನ್ನಲಿಲ್ಲ." ಆಮೇಲೆ ಸೊಸೆಯ ಪಟ್ಟಿ ಕಟ್ಟಿದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನಗೆ ಇರಲಿಲ್ಲ, ಕುಡೀಲಿಲ್ಲ. ನಿನಗೆ ಇದೆ. ನೀನ್ಯಾಕೆ ಬಿಟ್ಟೆ?"

ಅಕ್ಕ ಪುಸ್ತಕದ ಎರಡೂ ಪುಟಗಳನ್ನು ನೋಡಿದಳು. ಒಂದರಲ್ಲಿ ಅವಳ ಸೊಂಟ ವಾರ ವಾರ ಇಳಿದ ಲೆಕ್ಕ, ಪ್ರತಿ ಸಾಲಿಗೂ ನಮ್ಮ ಚಪ್ಪಾಳೆ. ಇನ್ನೊಂದರಲ್ಲಿ ಅತ್ತೆ ಇಂಚಿಂಚಾಗಿ ಇಳಿದದ್ದನ್ನು ಯಾರೂ ಬರೆದೇ ಇರಲಿಲ್ಲ.

"ನಾನೂ ಇದೇ ದಾರೀಲಿ ಹೊರಟಿದ್ದೀನಿ" ಎಂದಳು.

"ಅರ್ಧ ದಾರೀಲೇ ಗೊತ್ತಾಯ್ತಲ್ಲ, ತಿರುಗಿ ಬನ್ನಿ" ಎಂದಳು ನರ್ಸಮ್ಮ. "ಹಾಲು ಒಂದೇ ಕಾರಣ ಅಂತ ನಾನು ಹೇಳಲ್ಲ. ವಯಸ್ಸು, ಮುಟ್ಟು ನಿಂತಿದ್ದು, ಗಬಗಬ ತೂಕ ಇಳಿಸಿದ್ದು, ಎಲ್ಲಾ ಸೇರಿದೆ. ಆದ್ರೆ ಹಾಲು ನಮ್ಮ ಕೈಲಿರೋದು. ಈಗ ಹೇಳಿ, ದಿನಕ್ಕೆ ಎಷ್ಟು ಲೋಟ ಟೀ?"

"ಐದು. ಹಾಲಿಲ್ಲದ್ದು."

"ಸಕ್ಕರೆ?"

"ಮೂರು ಚಮಚ. ಒಗರು ಇರುತ್ತಲ್ಲ."

"ಜೊತೆಗೆ?"

ಅಕ್ಕ ನನ್ನ ಕಡೆ ನೋಡಿದಳು, ನಾನು ಗೋಡೆಯ ಕಡೆ ನೋಡಿದೆ. ಅಕ್ಕನ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವರು. ಮುರಿದ ಬಿಸ್ಕತ್ತಿನ ಪೊಟ್ಟಣ ದಿನಾ ಅಂಗಡಿಗೆ ಬರುತ್ತದೆ.

"ಮುರಿದಿದ್ದು ಕಣಮ್ಮಾ. ಇಡೀ ಬಿಸ್ಕತ್ತಲ್ಲ" ಎಂದಳು ಅಕ್ಕ.

ನರ್ಸಮ್ಮ ಜೋರಾಗಿ ನಕ್ಕುಬಿಟ್ಟಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ದಿನಕ್ಕೆ ಹದಿನೈದು ಚಮಚ ಸಕ್ಕರೆ, ಮೇಲೆ ಬಿಸ್ಕತ್ತು. ಅದನ್ನ ಬಿಟ್ಟು ಹಾಲಿಗೆ ಶಿಕ್ಷೆ! ಆ ಸಕ್ಕರೆ, ಬಿಸ್ಕತ್ತು ಎರಡೂ ಸೇರಿದ್ರೆ ಕೆನೆ ತೆಗೆದ ಎರಡು ಲೋಟ ಹಾಲಿಗಿಂತ ಎಷ್ಟೋ ಜಾಸ್ತಿ ಕೊಬ್ಬು ಮೈಗೆ ಸೇರುತ್ತೆ."

"ಕೆನೆ ತೆಗೆದ್ರೆ ಸತ್ವಾನೂ ಹೋಗಲ್ವಾ?" ಎಂದು ಕೇಳಿದವರು ದೊಡ್ಡಮ್ಮ.

"ಕೆನೇಲಿ ಹೋಗೋದು ಕೊಬ್ಬು. ಕ್ಯಾಲ್ಸಿಯಂ ಹಾಲಲ್ಲೇ ಉಳಿಯುತ್ತೆ. ಹಾಲು ಕಾಯಿಸಿ, ಪೂರ್ತಿ ಆರಿಸಿ, ಕೆನೆ ತೆಗೆದಿಡಿ. ನಿಮ್ಮ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಸಾವಿರದಿಂದ ಸಾವಿರದ ಇನ್ನೂರು ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲಲ್ಲಿ ಮುನ್ನೂರರ ಆಸುಪಾಸು ಸಿಗುತ್ತೆ. ಬೆಳಿಗ್ಗೆ ಒಂದು ಲೋಟ, ಸಾಯಂಕಾಲ ಒಂದು ಲೋಟ, ಮಧ್ಯಾಹ್ನ ಊಟದ ಜೊತೆ ಒಂದು ಬಟ್ಟಲು ಮೊಸರು. ಉಳಿದದ್ದು ಸೊಪ್ಪು, ಎಳ್ಳು, ಬೇಳೆಕಾಳಿನಿಂದ ಬರುತ್ತೆ. ಇದನ್ನ ಊಟದ ಮೇಲೆ ಹೆಚ್ಚಿಗೆ ಅಂತ ಸೇರಿಸ್ಬೇಡಿ. ಸಕ್ಕರೆ, ಬಿಸ್ಕತ್ತು ತೆಗೆದ ಜಾಗಕ್ಕೆ ಇದನ್ನ ಇಡಿ. ಆಗ ತೂಕ ಏರಲ್ಲ."

ನನಗೂ ಒಂದು ಅನುಮಾನವಿತ್ತು. "ನರ್ಸಮ್ಮ, ನನಗೆ ಹಾಲು ಕುಡಿದ್ರೆ ಹೊಟ್ಟೆ ಗುಡುಗುಡು ಅನ್ನುತ್ತೆ. ನಾನೇನು ಮಾಡ್ಲಿ?"

"ಸಲಹೆ ಕೊಡೋದನ್ನ ನಿಲ್ಲಿಸಿ, ಮೊದಲು" ಎಂದಳು. ಕೊನೆಗೂ ಅಂದೇಬಿಟ್ಟಳು! ಆಮೇಲೆ ನಗುತ್ತಾ, "ಹಾಲು ಆಗದೋರಿಗೆ ಸಾಮಾನ್ಯವಾಗಿ ಮೊಸರು, ಮಜ್ಜಿಗೆ ಆಗುತ್ತೆ. ಎಳ್ಳಿದೆ, ಸೊಪ್ಪಿದೆ. ಮೀನು ತಿನ್ನೋರಾದ್ರೆ ಮುಳ್ಳು ಸಮೇತ ಅಗಿಯೋ ಸಣ್ಣ ಮೀನಿದೆ. ಬಿಸಿಲಲ್ಲಿ ಸ್ವಲ್ಪ ಓಡಾಡಿ. ಬಿಸಿಲು ಬಿದ್ರೆ ಮೈಯಲ್ಲಿ ವಿಟಮಿನ್ ಡಿ ತಯಾರಾಗುತ್ತೆ, ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ನಡಿಗೆ ಬಿಡ್ಬೇಡಿ. ನಡೆದ್ರೆ, ಮೆಟ್ಟಿಲು ಹತ್ತಿದ್ರೆ ಎಲುಬು ಗಟ್ಟಿಯಾಗುತ್ತೆ. ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನೀವೇ ನುಂಗ್ಬೇಡಿ. ಅದು ಬೇಕೋ ಬೇಡ್ವೋ ಡಾಕ್ಟ್ರು ಹೇಳ್ಲಿ."

ಸಂಜೆ ಅಕ್ಕನನ್ನು ಕರೆದೊಯ್ಯಲು ಗಂಡ ಬಂದರು, ಕೈಯಲ್ಲಿ ಎಂದಿನ ಪೊಟ್ಟಣ. ದೊಡ್ಡಮ್ಮ ಅದನ್ನು ಅವರ ಕೈಯಿಂದಲೇ ಹಿಂದಕ್ಕೆ ತಳ್ಳಿದರು. "ನಾಳೆಯಿಂದ ಇದು ಬೇಡ. ಬರೋವಾಗ ಇನ್ನೊಂದು ಲೀಟರ್ ಹಾಲು ತಾ. ನಿನ್ನ ಹೆಂಡ್ತಿಗೂ ನಿನ್ನ ಅಮ್ಮನಿಗೂ."

ವಿಷಯವೆಲ್ಲ ಕೇಳಿ ಅವರು ಹೆಂಡತಿಯ ಕೈಯನ್ನೊಮ್ಮೆ, ಅಮ್ಮನ ಬೆನ್ನನ್ನೊಮ್ಮೆ ನೋಡಿದರು. "ಹಾಲು ನಾನೇ ಕಾಯಿಸ್ತೀನಿ" ಎಂದರು. ಸ್ವಲ್ಪ ತಡೆದು, "ತೆಗೆದ ಕೆನೆ ಯಾರಿಗೆ?" ಎಂದರು.

ನಾನು ಟೇಪು ಎತ್ತಿ ಅವರ ಹೊಟ್ಟೆಯ ಕಡೆ ಒಂದು ಹೆಜ್ಜೆ ಇಟ್ಟೆ. ಮತ್ತೆ ಆ ಪ್ರಶ್ನೆ ಬರಲಿಲ್ಲ.

ಎಲ್ಲವೂ ಒಂದೇ ದಿನ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಮೊದಲ ವಾರ ಅಕ್ಕನ ತೂಕ ಅರ್ಧ ಕಿಲೋ ಏರಿತು. "ನೋಡಿದ್ಯಾ, ನಾನು ಹೇಳ್ಲಿಲ್ವಾ!" ಎಂದು ಲೋಟವನ್ನು ಕುಕ್ಕಿ ದೂರ ಇಟ್ಟಳು. ದೊಡ್ಡಮ್ಮ ಅಂಚು ಮಡಚಿದ ತಮ್ಮ ನಿಲುವಂಗಿಯನ್ನು ಸ್ವಲ್ಪ ಎತ್ತಿ ತೋರಿಸಿದರು. ಅಕ್ಕ ಲೋಟವನ್ನು ಹತ್ತಿರ ಎಳೆದುಕೊಂಡಳು. ಮೂರನೆಯ ವಾರಕ್ಕೆ ಆ ಅರ್ಧ ಕಿಲೋ ಹೋಯಿತು. ಆಮೇಲೆ ತಿಂಗಳಿಗೆ ಒಂದು ಕಿಲೋದಂತೆ, ಆತುರವಿಲ್ಲದೆ, ಇನ್ನೆರಡು ಕಿಲೋ ಇಳಿಯಿತು. ಸಕ್ಕರೆ ಒಂದು ಚಮಚಕ್ಕೆ ಬಂತು, ಟೀ ಎರಡು ಲೋಟಕ್ಕೆ. ದೊಡ್ಡಮ್ಮನನ್ನು ಡಾಕ್ಟರಿಗೆ ತೋರಿಸಿದರು. ಎಲುಬಿನ ಔಷಧಿ ಶುರುವಾಯಿತು. ಹೋದ ಎರಡು ಇಂಚು ಮರಳಿ ಬರುವುದಿಲ್ಲ, ಆದರೆ ಮುಂದೆ ಕುಗ್ಗದ ಹಾಗೆ ತಡೆಯಲು ನೋಡೋಣ ಎಂದರು.

ಪಟ್ಟಿ ಬಿಚ್ಚಿದ ಮೇಲೂ ಕೈ ಬಿಗಿದುಕೊಂಡಿತ್ತು. ನರ್ಸಮ್ಮ ಹೇಳಿಕೊಟ್ಟ ಹಾಗೆ ಅಕ್ಕ ದಿನಾ ಬಟ್ಟೆಯ ಉಂಡೆ ಹಿಚುಕಿ ಹಿಚುಕಿ ಕೈ ಸಡಿಲ ಮಾಡಿಕೊಂಡಳು. ಒಂದು ದಿನ ಬೆಳಿಗ್ಗೆ ಹದಿನೇಳು ಮೆಟ್ಟಿಲನ್ನು ಒಂದೇ ಸಮನೆ ಹತ್ತಿ ಬಂದು, ಕತ್ತರಿಯನ್ನು ಒರೆಸಿ ಮೇಜಿನ ಮೇಲಿಟ್ಟಳು.

"ಮೊದಲು ಯಾವುದು ಕತ್ತರಿಸ್ತೀಯಾ ಅಕ್ಕಾ? ನರ್ಸಮ್ಮನ ಕೋಟಾ?"

"ಅವಳು ಕಾಯ್ತಾಳೆ. ಅತ್ತೆದು ಮೊದಲು."

ದೊಡ್ಡಮ್ಮನನ್ನು ಗೋಡೆಗೆ ನಿಲ್ಲಿಸಿ ತಾನೇ ಟೇಪು ಹಿಡಿದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನಲವತ್ತೆಂಟೂ ಮುಕ್ಕಾಲು. ನಾಲ್ಕು ತಿಂಗಳಲ್ಲಿ ಒಂದು ಗೆರೆಯೂ ಕೆಳಗಿಳಿದಿರಲಿಲ್ಲ. ಅಕ್ಕ ಪುಸ್ತಕದಲ್ಲಿ ಹಳೆಯ ಐವತ್ತೊಂದನ್ನು ಹೊಡೆದುಹಾಕಲಿಲ್ಲ, ಹಾಗೇ ಬಿಟ್ಟಳು. ಅದರ ಕೆಳಗೆ ಹೊಸ ಅಳತೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆದಳು: ಇದಕ್ಕಿಂತ ಇಳಿಯಬಾರದು.

ಆಮೇಲೆ ಕತ್ತರಿ ಹಿಡಿದಳು. ಬಟ್ಟೆ ನೇರವಾಗಿ ಸೀಳಿಕೊಂಡು ಹೋದ ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಕಾಜಾ ಹೊಲಿಯುವವಳು ನಾನು, ಕಣ್ಣೀರು ತುಂಬಿದರೆ ಸೂಜಿ ಕಾಣುವುದಿಲ್ಲ.

ಈಗ ನಮ್ಮಲ್ಲಿ ಶನಿವಾರದ ಅಳತೆ ಮುಂದುವರಿದಿದೆ. ಸೊಂಟ ಇಳಿದರೆ ಚಪ್ಪಾಳೆ ಇದೆ. ಆದರೆ ಚಪ್ಪಾಳೆಗೂ ಮುಂಚೆ ಎಲ್ಲರೂ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಈ ವಾರ ಎಷ್ಟು ದಿನ ಹಾಲು, ಮೊಸರು ತಪ್ಪಿಸಿದೆ?

ಅಕ್ಕ ತಂಗಿಯರೇ, ಅಮ್ಮಂದಿರೇ, ತೂಕ ಇಳಿಸಲು ಹೊರಟಿದ್ದರೆ ಖಂಡಿತ ಇಳಿಸಿ. ಮೊಣಕಾಲು ಹರಸುತ್ತದೆ. ಆದರೆ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮೊದಲು ಸಕ್ಕರೆ, ಕರಿದದ್ದು, ಬಿಸ್ಕತ್ತಿನ ಕಡೆ ಕೈ ಹೋಗಲಿ, ಹಾಲಿನ ಲೋಟದ ಕಡೆ ಬೇಡ. ಮನೆಯವರಿಗೆಲ್ಲ ಬಡಿಸಿ ಉಳಿದರೆ ನನಗೆ ಎನ್ನಬೇಡಿ; ನಿಮ್ಮ ಲೋಟ ಮೊದಲೇ ತೆಗೆದಿಡಿ. ಬೆಳೆಯುವ ಹೆಣ್ಣುಮಗಳು ಮನೆಯಲ್ಲಿದ್ದರೆ ಅವಳ ಲೋಟವನ್ನೂ ತೆಗೆದಿಡಿ, ಎಲುಬು ತುಂಬಿಕೊಳ್ಳುವ ಕಾಲ ಅದು. ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಅವರ ಬಟ್ಟೆಯ ಅಂಚನ್ನು ಒಮ್ಮೆ ನೋಡಿ. ನೆಲ ಮುಟ್ಟುತ್ತಿದ್ದರೆ ದರ್ಜಿಯನ್ನು ಬಯ್ಯುವ ಮೊದಲು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಯಾರಾದರೂ "ಹಾಲು ಬಿಡು" ಎಂದರೆ, ಹೇಳಿದವಳು ನರ್ಸಮ್ಮನಂಥವಳೋ ನನ್ನಂಥವಳೋ ಎಂದು ಮೊದಲು ವಿಚಾರಿಸಿ.

ತಪ್ಪು ಸಲಹೆ ಕೊಟ್ಟವಳು ನಾನು. ಅದನ್ನು ಬಿಚ್ಚಿ ಸರಿಯಾಗಿ ಹೊಲಿಯಬೇಕೆಂದು ಇಷ್ಟು ಹೇಳಿದೆ. ನಾನಂತೂ ಈಗ ಮೊಸರಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದೇನೆ. ನಿಮ್ಮ ಇವತ್ತಿನ ಲೋಟ ಆಯಿತೇ?